ಸೋಲಾರ್ ಕೂರಿಸುವವರು ನಮ್ಮೂರಿನವರೇ ಆಗಲಿ

ಕಮತಗಿಯಲ್ಲಿ ಬಿಸಿಲಿಗೆ ಬರವಿಲ್ಲವೆಂದು ನಿಮಗೆ ಹೇಳಬೇಕಾಗಿಲ್ಲ. ಕೈಮಗ್ಗದ ಮುಂದೆ ಕುಳಿತ ಸಹೋದರಿಗೆ ಸಂಜೆ ಕರೆಂಟ್ ಹೋದರೆ ಎಳೆ ಕಾಣುವುದಿಲ್ಲ ಎಂಬುದನ್ನೂ ಹೇಳಬೇಕಾಗಿಲ್ಲ. ಹೀಗಿರುವಾಗ ಓಣಿಯ ಹತ್ತು ಮನೆಯವರು ಸೇರಿ ಸೋಲಾರ್ ಕೊಳ್ಳೋಣ ಎಂದರೆ ಒಳ್ಳೆಯ ಮಾತೇ. ದರದಲ್ಲಿ ಚೌಕಾಸಿ ಮಾಡಬಹುದು, ಸಾಗಣೆಯ ಖರ್ಚೂ ಹಂಚಿಹೋಗುತ್ತದೆ. ಆದರೆ ಆರು ತಿಂಗಳ ನಂತರ ದೀಪ ಹತ್ತದಿದ್ದರೆ ಯಾರನ್ನು ಕರೆಯುತ್ತೀರಿ?

1995ರಲ್ಲಿ ಹರೀಶ್ ಹಂದೆಯವರು ಆರಂಭಿಸಿದ ಸೆಲ್ಕೊ ಸಂಸ್ಥೆ ಈ ಪ್ರಶ್ನೆಯನ್ನು ಮೊದಲೇ ಕೇಳಿಕೊಂಡಿತ್ತು. ಮಾರಿ ಹೋಗುವುದಕ್ಕಿಂತ, ಹತ್ತಿರದಲ್ಲೇ ಸೇವಾ ಕೇಂದ್ರ ತೆರೆದು ಸ್ಥಳೀಯ ಯುವಕರಿಗೆ ಕೆಲಸ ಕಲಿಸುವುದು ಅವರ ದಾರಿ. ನಮ್ಮ ಭಾಗದ ಮಲಪ್ರಭಾ ಗ್ರಾಮೀಣ ಬ್ಯಾಂಕ್ ಆ ಕಾಲದಲ್ಲೇ ಸೋಲಾರ್ ದೀಪಕ್ಕೆ ಸಾಲ ಕೊಟ್ಟಿತ್ತು. ಹಂದೆಯವರಿಗೆ 2011ರಲ್ಲಿ ಮ್ಯಾಗ್ಸೆಸೆ ಪ್ರಶಸ್ತಿ ಬಂತು.

ಹೆಣ್ಣುಮಕ್ಕಳಿಗೆ ಇದೆಲ್ಲ ಆಗುವುದೇ ಎನ್ನುವವರು ರಾಜಸ್ಥಾನದ ತಿಲೋನಿಯಾ ಗ್ರಾಮದ ಬೇರ್‌ಫುಟ್ ಕಾಲೇಜನ್ನು ನೋಡಬೇಕು. ಓದು ಬರೆಹ ಅಷ್ಟಾಗಿ ಬಾರದ, ಮೊಮ್ಮಕ್ಕಳನ್ನು ಎತ್ತಿದ ಹೆಂಗಸರು ಅಲ್ಲಿ ಆರು ತಿಂಗಳಲ್ಲಿ ಸರ್ಕ್ಯೂಟ್ ಜೋಡಿಸಲು ಕಲಿತಿದ್ದಾರೆ. ಆಫ್ರಿಕಾದಿಂದಲೂ ಬಂದು ಕಲಿತು ಹೋಗಿದ್ದಾರೆ. ಭಾಷೆ ಬಾರದವರಿಗೆ ಬಣ್ಣದ ಗುರುತೇ ಅಕ್ಷರ. ಗಂಡಸರು ದುಡಿಯಲು ಹೋದ ಹೊತ್ತಿನಲ್ಲಿ ಮನೆಯೊಳಗೆ ಬಂದು ಬ್ಯಾಟರಿ ನೋಡಲು ಹೆಣ್ಣುಮಗಳೇ ಇದ್ದರೆ ನಮ್ಮಂಥ ಮನೆಗಳಿಗೆ ಎಷ್ಟು ಅನುಕೂಲ, ಯೋಚಿಸಿ.

ಕೇಂದ್ರದ ಸೂರ್ಯಮಿತ್ರ ತರಬೇತಿ 2015ರಲ್ಲಿ ಆರಂಭವಾಯಿತು. ಐಟಿಐ ಕಲಿತ ಮಕ್ಕಳಿಗಾಗಿ ರೂಪಿಸಿದ್ದು ಅದು. ಇಂಥ ತರಬೇತಿಯಲ್ಲಿ ಕಲಿಯಬೇಕಾದ್ದು ತಂತಿ ಸಿಕ್ಕಿಸುವುದಷ್ಟೇ ಅಲ್ಲ. ಪಕ್ಕದ ಮನೆಯ ನೀರಿನ ಟ್ಯಾಂಕಿನ ನೆರಳು ಯಾವ ಹೊತ್ತಿಗೆ ಎಲ್ಲಿ ಬೀಳುತ್ತದೆ? ತೆಂಕಣಕ್ಕೆ ಮುಖ ಮಾಡಿದ ಫಲಕ ಎಷ್ಟು ವಾಲಿರಬೇಕು? (ನಮ್ಮಲ್ಲಿ ಸುಮಾರು 16 ಡಿಗ್ರಿ.) ಅರ್ತಿಂಗ್ ಸರಿಯಾಗಿದೆಯೇ? ಸ್ವಿಚ್ ಆರಿಸಿದರೂ ಬಿಸಿಲಿರುವವರೆಗೆ ಫಲಕದಲ್ಲಿ ವಿದ್ಯುತ್ ಇರುತ್ತದೆ ಎಂದು ತಿಳಿಯದವನನ್ನು ಮಾಳಿಗೆ ಹತ್ತಿಸಬೇಡಿ.

ತಿಳಿದವರು ಇನ್ನೊಂದು ಮಾತನ್ನೂ ಮೊದಲೇ ಹೇಳುತ್ತಾರೆ. 2024ರ ಫೆಬ್ರವರಿಯಲ್ಲಿ ಆರಂಭವಾದ ಪಿಎಂ ಸೂರ್ಯಘರ್ ಯೋಜನೆ 1 ಕಿಲೋವ್ಯಾಟ್‌ಗೆ 30,000, 2ಕ್ಕೆ 60,000, 3 ಮತ್ತು ಹೆಚ್ಚಿನದಕ್ಕೆ 78,000 ರೂಪಾಯಿ ಸಹಾಯಧನ ನಿಗದಿ ಮಾಡಿತು. ಆದರೆ ಲೈನಿಗೆ ಜೋಡಿಸಿದ, ಬ್ಯಾಟರಿ ಇಲ್ಲದ ಸೋಲಾರ್ ಕರೆಂಟ್ ಹೋದಾಗ ತಾನೂ ನಿಂತುಬಿಡುತ್ತದೆ! ಕಂಬದ ಮೇಲೆ ಕೆಲಸ ಮಾಡುವ ಲೈನ್‌ಮನ್ ಜೀವ ಉಳಿಯಲೆಂದೇ ಹಾಗೆ. ಸಂಜೆ ಮಗ್ಗಕ್ಕೆ ಬೆಳಕು ಬೇಕೆಂದು ಕೊಂಡವರು ಇದು ತಿಳಿಯದೆ ಮೋಸ ಹೋದೆವೆಂದು ಅಳಬಾರದಲ್ಲ. ಅವರಿಗೆ ಬ್ಯಾಟರಿಯ ಸಣ್ಣ ದೀಪವೇ ಸಾಕಾಗಬಹುದು. 2023ರ ಆಗಸ್ಟ್‌ನಲ್ಲಿ ಜಾರಿಯಾದ ಗೃಹಜ್ಯೋತಿಯಿಂದ ಬಿಲ್ಲು ಸೊನ್ನೆಯಾಗಿರುವ ಮನೆಯವರಂತೂ ದೊಡ್ಡ ಫಲಕಕ್ಕೆ ಅವಸರಪಡಬೇಕಾಗಿಲ್ಲ.

ಬಡ್ಡಿಯ ಸಾಲ ಬೇಡವೆನ್ನುವವರು ಓಣಿಯಲ್ಲೇ ತಿಂಗಳು ತಿಂಗಳು ಹಣ ಕೂಡಿಟ್ಟು, ಸರದಿಯಂತೆ ಒಂದೊಂದು ಮನೆಗೆ ಕೂರಿಸಿಕೊಳ್ಳಬಹುದು. ಲೆಕ್ಕದ ಪುಸ್ತಕ ಮಾತ್ರ ಎಲ್ಲರ ಕಣ್ಣೆದುರು ಇರಲಿ. ದುರಸ್ತಿಗೆಂದು ಪ್ರತಿ ಮನೆಯಿಂದ ಸ್ವಲ್ಪ ಹಣ ಬೇರೆಯಾಗಿ ತೆಗೆದಿಡಿ, ಕೆಲಸ ಕಲಿತವಳಿಗೆ ಕೂಲಿ ಅದರಿಂದಲೇ ಸಲ್ಲಲಿ. ಪುಕ್ಕಟೆಯಾಗಿ ಮಾಡಿಸಿಕೊಂಡರೆ ಆಕೆ ಎಷ್ಟು ದಿನ ಬಂದಾಳು?

ಸಹಾಯಧನ ಬೇಕಿದ್ದರೆ ನೋಂದಾಯಿತ ಮಾರಾಟಗಾರರೇ ಕೂರಿಸಬೇಕು. ಅವರೊಡನೆ ದರ ಮಾತಾಡುವ ದಿನವೇ, ನಮ್ಮ ಓಣಿಯ ಇಬ್ಬರು ಮಕ್ಕಳನ್ನು ಮೊದಲ ಮನೆಯಿಂದ ಹತ್ತನೆಯ ಮನೆಯವರೆಗೆ ಜೊತೆಗಿಟ್ಟುಕೊಂಡು ಕೆಲಸ ಕಲಿಸಬೇಕೆಂದು ಕಾಗದದಲ್ಲಿ ಬರೆಸಿಕೊಳ್ಳಿ.