ಮನೆ ಒತ್ತೆ ಇಡುವ ಮೊದಲು ಸಾಲದ ಲೆಕ್ಕ ಕನ್ನಡದಲ್ಲಿ ಕೇಳಿರಿ!

ಕನ್ನಡದ ತರುಣರೇ, ತರುಣಿಯರೇ,

ಉಣಕಲ್ಲಿನಲ್ಲಿ ನನ್ನದೊಂದು ಸಣ್ಣ ಪ್ರೆಸ್. ಲಗ್ನಪತ್ರಿಕೆ, ಬಿಲ್ ಬುಕ್, ಹ್ಯಾಂಡ್‌ಬಿಲ್ಲೇ ಹೊಟ್ಟೆಪಾಡು. ಬೇಸಿಗೆ ಬಂತೆಂದರೆ ನೀಟ್ ಕೋಚಿಂಗಿನವರ ಹ್ಯಾಂಡ್‌ಬಿಲ್ ಸಾವಿರಗಟ್ಟಲೆ. 'ನಿಮ್ಮ ಮಗು ಡಾಕ್ಟರ್' ಎಂದು ದಪ್ಪಕ್ಷರ. ಫೀ ಎಷ್ಟು, ಸಾಲ ಎಷ್ಟು? ಒಂದು ಅಕ್ಷರವಿಲ್ಲ! ಅಚ್ಚು ಹಾಕಿ ಕೊಡುವವನು ನಾನೇ. ಆ ಪಾಪದಲ್ಲಿ ನನ್ನ ಪಾಲೂ ಇದೆ.

ಈಗ ನನ್ನ ಮಗಳೇ ನೀಟ್ ಬರೆದು ಕುಳಿತಿದ್ದಾಳೆ. ಸರಕಾರಿ ಸೀಟು ಸಿಗದಿದ್ದರೆ ಮನೆ ಒತ್ತೆ ಇಡೋಣ ಎನ್ನುತ್ತಾಳೆ ಅವರವ್ವ. ಪೆನ್ನು ಹಿಡಿದು ಲೆಕ್ಕ ಹಾಕಿದೆ. ನೀವೂ ಹಾಕಿರಿ.

ವಿದ್ಯಾನಗರದ ನಮ್ಮ ಕೆಎಂಸಿ 1957ರಿಂದ ಇದೆ. ಅಲ್ಲಿ ಸೀಟು ಸಿಕ್ಕರೆ ವರ್ಷದ ಫೀ ಸಾವಿರಗಳಲ್ಲಿ. ಅದೇ ಎಂಬಿಬಿಎಸ್, ಖಾಸಗಿ ಕಾಲೇಜಿನ ಖಾಸಗಿ ಕೋಟಾದಲ್ಲಿ ವರ್ಷಕ್ಕೆ 10 ಲಕ್ಷ ದಾಟುತ್ತದೆ! ನಾಲ್ಕೂವರೆ ವರ್ಷ, ಹಾಸ್ಟೆಲ್, ಪುಸ್ತಕ ಸೇರಿ 50 ಲಕ್ಷ ಹಿಡಿಯಿರಿ. ಶೇ. 10 ಬಡ್ಡಿ, 15 ವರ್ಷ. ತಿಂಗಳ ಕಂತು ಹತ್ತಿರಹತ್ತಿರ 54 ಸಾವಿರ. ಕಟ್ಟಿ ಮುಗಿಸುವಾಗ 96 ಲಕ್ಷ! ಓದುವ ಕಾಲದ ಬಡ್ಡಿ ಬೇರೆ. ಹೊಸ ಡಾಕ್ಟರು ಊಟ ಮಾಡುವುದು ಯಾವಾಗ, ಪಿಜಿ ಓದುವುದು ಯಾವಾಗ?

ಕ್ಯಾಪಿಟೇಶನ್ ನಿಷೇಧಿಸಿ ನಮ್ಮ ರಾಜ್ಯ ಕಾನೂನು ಮಾಡಿದ್ದು 1984ರಲ್ಲಿ. ಆ ಭೂತ ಸತ್ತಿಲ್ಲ, 'ಫೀ' ಎಂಬ ಅಂಗಿ ತೊಟ್ಟಿದೆ.

2022ರ ಮಾರ್ಚ್ 1ರಂದು ಉಕ್ರೇನಿನ ಖಾರ್ಕಿವ್‌ನಲ್ಲಿ ಶೆಲ್ ದಾಳಿಗೆ ಬಲಿಯಾದ ವೈದ್ಯ ವಿದ್ಯಾರ್ಥಿ ನವೀನ್ ಎಲ್ಲಿಯವನು? ನಮ್ಮ ಮಗ್ಗುಲ ಹಾವೇರಿ ಜಿಲ್ಲೆಯ ಚಳಗೇರಿಯವನು. ಪಿಯುಸಿಯಲ್ಲಿ 97 ಪರ್ಸೆಂಟ್ ಬಂದರೂ ಇಲ್ಲಿ ಸೀಟು ಸಿಗಲಿಲ್ಲ ಎಂದು ಹೆತ್ತ ತಂದೆ ಹೇಳಿದ್ದನ್ನು ನಾಡೇ ಕೇಳಿತು. ಮಗನ ದೇಹವನ್ನು ಆ ಪುಣ್ಯಾತ್ಮರು ದಾವಣಗೆರೆಯ ಮೆಡಿಕಲ್ ಕಾಲೇಜಿಗೆ ದಾನ ಮಾಡಿದರು. ನಾವು ಎರಡು ದಿನ ಅತ್ತು ಸುಮ್ಮನಾದೆವು.

ಇನ್ನು ಸಾಲದ ಕಾಗದ. ಏಳೂವರೆ ಲಕ್ಷ ದಾಟಿದರೆ ಬ್ಯಾಂಕುಗಳು ಸಾಮಾನ್ಯವಾಗಿ ಆಸ್ತಿ ಕೇಳುತ್ತವೆ. ಅಪ್ಪ ಮನೆಯ ಉತಾರ ಹಿಡಿದು ಹೋಗುತ್ತಾನೆ. ಮುಂದೆ ಇಂಗ್ಲಿಷ್ ಕಾಗದದ ಕಟ್ಟು. ಪೆನ್ಸಿಲ್ ಗುರುತು ಇದ್ದಲ್ಲೆಲ್ಲ ಸಹಿ! ಆಫ್‌ಸೆಟ್ ಮಷಿನ್ನಿನ ಸಾಲಕ್ಕೆ ನಾನೂ ಹಾಗೇ ಹಾಕಿದವನು. ಪಿಯುಸಿ ಓದಿದ ನನಗೆ ಆ ಇಂಗ್ಲಿಷ್ ತಲೆಗೆ ಹತ್ತಲಿಲ್ಲ, ಕೇಳಲು ನಾಚಿಕೆ. ಬಡ್ಡಿ ಏರುತ್ತದೆಂದು ತಿಳಿದದ್ದು ಏರಿದ ಮೇಲೆ.

ನೀವು ನಾಚಬೇಡಿರಿ. ಬಡ್ಡಿ, ಇತರ ಖರ್ಚು, ಕಂತಿನ ಪಟ್ಟಿ ಎಲ್ಲ ಇರುವ 'ಕೀ ಫ್ಯಾಕ್ಟ್ಸ್ ಸ್ಟೇಟ್‌ಮೆಂಟ್' ಎಂಬ ಕಾಗದವನ್ನು ಸಾಲಗಾರನಿಗೆ ಅರ್ಥವಾಗುವ ಭಾಷೆಯಲ್ಲೇ ಕೊಟ್ಟು, ವಿವರಿಸಿ ಹೇಳಬೇಕೆಂದು ರಿಸರ್ವ್ ಬ್ಯಾಂಕೇ 2024ರ ಏಪ್ರಿಲ್‌ನಲ್ಲಿ ಆದೇಶಿಸಿದೆ. ಅಕ್ಟೋಬರ್ 1ರಿಂದ ಜಾರಿ. ಉಣಕಲ್ಲಿನ ಅಪ್ಪನಿಗೆ ಅರ್ಥವಾಗುವ ಭಾಷೆ ಯಾವುದು? ಮ್ಯಾನೇಜರ್ ಸಾಹೇಬರೇ ಹೇಳಲಿ!

ಕೇಳಿದರೆ ಬರುತ್ತದೆಯೇ ಎನ್ನಬೇಡಿರಿ. 2017ರ ನೀಟ್‌ಗೆ ಮೊದಲು ಪ್ರಕಟಿಸಿದ ಭಾಷೆಗಳ ಪಟ್ಟಿಯಲ್ಲಿ ಕನ್ನಡ ಇರಲಿಲ್ಲ. ಕರ್ನಾಟಕ ಕೇಳಿತು, ಬಂತು.

ಕನ್ನಡದ ಕಾಗದ ಕೊಡುವವರೆಗೆ ಅಪ್ಪನ ಕೈಗೆ ಪೆನ್ನು ಕೊಡಬೇಡಿರಿ. ಇಲ್ಲವೆಂದರೆ ಎರಡು ಪ್ರತಿ ಅರ್ಜಿ ಬರೆಯಿರಿ, ಒಂದರ ಮೇಲೆ ಶಾಖೆಯ ಸೀಲು ಹಾಕಿಸಿಕೊಳ್ಳಿರಿ. ಅರ್ಜಿಯ ನಮೂನೆ ಕನ್ನಡದಲ್ಲಿ ಅಚ್ಚು ಹಾಕಿಟ್ಟಿದ್ದೇನೆ. ಪ್ರೆಸ್ಸಿಗೆ ಬಂದು ಒಯ್ಯಿರಿ, ರೊಕ್ಕ ಬೇಡ.