ಬೆಟ್ಟಕ್ಕೆ ಬೀಗವೂ ಬೇಡ, ಜಾತ್ರೆಯೂ ಬೇಡ!

ಕುಕ್ಕೆ ಸುಬ್ರಹ್ಮಣ್ಯದಲ್ಲಿ ಬಸ್ಸಿಳಿಯೋರು ಎರಡು ಥರ. ಹಣ್ಣುಕಾಯಿ ಕೊಂಡು ದೇವಸ್ಥಾನಕ್ಕೆ ಹೋಗೋರು ಒಂದು ಥರ, ಬೆನ್ನಿಗೆ ಚೀಲ ಬಿಗಿದು ಕುಮಾರ ಪರ್ವತಕ್ಕೆ ಹೊರಡೋರು ಇನ್ನೊಂದು ಥರ. ರಥಬೀದಿಯ ಅಂಗಡಿಯವರಿಗೆ ಇಬ್ಬರೂ ಗಿರಾಕಿಗಳೇ. ಆದರೆ ಬೆಟ್ಟದ ಮೇಲೆ ಮೂರನೆಯವರೂ ಇದ್ದಾರೆ. ಅವರು ಬಸ್ಸಲ್ಲಿ ಬಂದವರಲ್ಲ, ಟಿಕೆಟ್ ತಗೊಂಡವರೂ ಅಲ್ಲ. ಕಡವೆ, ಕಾಡುಕುರಿ, ಕಾಟಿ. ತಕರಾರು ಶುರುವಾಗೋದು ಅಲ್ಲೇ.

2024ರ ಗಣರಾಜ್ಯೋತ್ಸವದ ರಜೆ ಜನ ಇನ್ನೂ ಮರೆತಿರಲಿಕ್ಕಿಲ್ಲ. ಶುಕ್ರವಾರದ ರಜೆಗೆ ಶನಿವಾರ, ಭಾನುವಾರ ಸೇರಿಕೊಂಡಿತು. ತೇರಿನ ದಿನದ ಹಾಗೆ ಬೆಟ್ಟದ ತುಂಬಾ ಜನ. ಕಾಲಿಡಲು ಜಾಗವಿಲ್ಲದೆ ಸಾಲುಗಟ್ಟಿ ನಿಂತವರ ಚಿತ್ರ ರಾಜ್ಯದ ಮನೆಮನೆಯ ಫೋನಿಗೂ ಬಂತು. ಅರಣ್ಯ ಸಚಿವ ಈಶ್ವರ ಖಂಡ್ರೆಯವರು ಆನ್‌ಲೈನ್ ಬುಕಿಂಗ್ ಇಲ್ಲದ ಕಡೆ ಚಾರಣವೇ ಬೇಡ ಎಂದರು. ಫೆಬ್ರವರಿ 1ರಿಂದ ದಾರಿ ಬಂದ್. ಆಮೇಲೆ ಆನ್‌ಲೈನ್ ಬುಕಿಂಗ್ ಬಂತು, ದಿನಕ್ಕೆ ಇಷ್ಟೇ ಜನ ಎಂಬ ಮಿತಿಯೂ ಬಂತು.

ಮಿತಿ ಬೇಕೋ ಬೇಡವೋ? ಬೇಕೇ ಬೇಕು. 1,712 ಮೀಟರ್ ಎತ್ತರದ ಆ ಶಿಖರ ಇರೋದು ಪುಷ್ಪಗಿರಿ ವನ್ಯಜೀವಿ ಧಾಮದಲ್ಲಿ. ವಿಶ್ವ ಪರಂಪರೆಯ ತಾಣ ಎಂದು 2012ರಲ್ಲಿ ಗುರುತಿಸಿದ ಪಶ್ಚಿಮ ಘಟ್ಟದ ಜಾಗಗಳಲ್ಲಿ ಅದೂ ಒಂದು. ಕಡವೆ ಹೊಟ್ಟೆ ತುಂಬಿಸಿಕೊಳ್ಳೋದು ಹೆಚ್ಚಾಗಿ ಮುಸ್ಸಂಜೆಯಿಂದ ಬೆಳಗಿನ ಜಾವದ ತನಕ. ಸೂರ್ಯೋದಯ ನೋಡೋ ಆಸೆಗೆ ಟಾರ್ಚ್ ಹಿಡಿದು, ಪಾಟು ಹಾಕಿಕೊಂಡು ಹೊರಡೋ ಗುಂಪು ಹುಲ್ಲುಗಾವಲಿಗೆ ನುಗ್ಗೋದೂ ಅದೇ ಹೊತ್ತಿಗೆ. ದಿನಕ್ಕೆ ಹತ್ತು ಸಲ ಬೆದರಿ ಓಡಿದ ಪ್ರಾಣಿ ಮೇಯೋದು ಯಾವಾಗ? ಇನ್ನು ಬೇಸಿಗೆಯಲ್ಲಿ ಒಂದು ಬೀಡಿಯ ತುಂಡು ಸಾಕು, ಒಣಗಿದ ಗುಡ್ಡ ಇಡೀ ಉರಿದು ಹೋಗಲಿಕ್ಕೆ.

ಹಾಗಂತ ಬೀಗ ಜಡಿದು ಕೂತರೆ ಆಯಿತೇ? ಅದೂ ಅಲ್ಲ. ಬೆಟ್ಟ ಹತ್ತಿದವನಿಗೇ ಬೆಟ್ಟದ ಬೆಲೆ ಗೊತ್ತು. ಜನರ ಕಾಲು ಬೀಳದ ಕಾಡಿನಲ್ಲಿ ಕಳ್ಳಬೇಟೆಗಾರನ ಕಾಲು ಸಲೀಸು. 1972ರ ವನ್ಯಜೀವಿ ಕಾಯ್ದೆ ಬೇಟೆಯನ್ನು ಅಪರಾಧ ಎಂದು ಹೇಳಿದೆ, ನಿಜ. ಆದರೆ ಕಾಯ್ದೆ ಗುಡ್ಡ ಹತ್ತಿ ಕಾವಲು ಕಾಯೋದಿಲ್ಲ. ಹೋಟೆಲು, ಲಾಡ್ಜು, ಜೀಪು, ಚಾ ಅಂಗಡಿ ನಂಬಿದವರ ಸಂಸಾರವೂ ಇದೆ. ಇವತ್ತು ಏಕಾಏಕಿ ಬಂದ್, ನಾಳೆ ಏಕಾಏಕಿ ಓಪನ್ ಅಂದ್ರೆ ಅವರು ಸಾಮಾನು ತರಿಸೋದು ಯಾವ ಲೆಕ್ಕದ ಮೇಲೆ?

ಇದೇ ತಕರಾರು ದೂರದ ಸ್ಕಾಟ್ಲೆಂಡಿನಲ್ಲೂ ಇದೆ. ಅಲ್ಲಿ ಗುಡ್ಡಗಳೇ ದೊಡ್ಡ ದೊಡ್ಡ ಖಾಸಗಿ ಎಸ್ಟೇಟುಗಳ ಪಾಲು. ತೋಳಗಳು ಅಳಿದು ಶತಮಾನಗಳಾದವು. ತಡೆಯೋರಿಲ್ಲದೆ ಹೆಚ್ಚಿದ ಜಿಂಕೆಗಳು ಎಳೆಸಸಿ ಮೇಯ್ದು ಕಾಡು ಚಿಗುರಲು ಬಿಡುತ್ತಿಲ್ಲ. ಅದಕ್ಕೆ ಎಸ್ಟೇಟಿನವರು ಕೋವಿ ಹಿಡಿದು ಸಂಖ್ಯೆ ಇಳಿಸುತ್ತಾರೆ. ಆದರೂ ಗುಡ್ಡದಲ್ಲಿ ನಡೆಯೋ ಹಕ್ಕನ್ನು 2003ರ ಕಾನೂನು ಜನರಿಗೆ ಕೊಟ್ಟಿದೆ. ಧಣಿ ಗೇಟು ಹಾಕುವಂತಿಲ್ಲ, ನಡೆಯುವವನು ಜವಾಬ್ದಾರಿ ಬಿಡುವಂತಿಲ್ಲ. ಜುಲೈಯಿಂದ ಅಕ್ಟೋಬರ್ 20ರ ತನಕ ಗಂಡು ಜಿಂಕೆ ಬೇಟೆಯ ಮುಖ್ಯ ಕಾಲ. ಆಗ ಯಾವ ದಿನ ಯಾವ ಗುಡ್ಡದಲ್ಲಿ ಬೇಟೆ, ಯಾವ ದಾರಿ ಹಿಡಿದರೆ ತೊಂದರೆ ಇಲ್ಲ ಅಂತ ಮುಂಚೆಯೇ ತಿಳಿಸೋ ಏರ್ಪಾಡು ಅನೇಕ ಎಸ್ಟೇಟುಗಳಲ್ಲಿದೆ. ಜನ ಆ ದಾರಿ ಬಿಟ್ಟು ಈ ದಾರಿ ಹಿಡಿಯುತ್ತಾರೆ.

ಇಲ್ಲಿ ಅವರ ಕೋವಿ ಬೇಡ. ಪಶ್ಚಿಮ ಘಟ್ಟದಲ್ಲಿ ಚಿರತೆ, ಸೀಳುನಾಯಿ ಇನ್ನೂ ಇವೆ. ಕಡವೆಯ ಲೆಕ್ಕ ಅವೇ ನೋಡಿಕೊಳ್ಳುತ್ತವೆ. ಇಲ್ಲಿ ಬೇಕಾದ್ದು ಅವರ ಇನ್ನೊಂದು ಬುದ್ಧಿ: ಮುಂಚೆಯೇ ಹೇಳೋದು.

ಅರಣ್ಯ ಇಲಾಖೆ ಮಾಡಬೇಕಾದ್ದು ದೊಡ್ಡ ಕೆಲಸವೇನಲ್ಲ. ಮಳೆ ಯಾವಾಗ, ಬೆಂಕಿ ಹೆದರಿಕೆಯ ಕಾಲ ಯಾವುದು ಅಂತ ಅವರಿಗೆ ಗೊತ್ತಿದೆ. ದಾರಿ ಮುಚ್ಚೋ ತಿಂಗಳು, ತೆರೆಯೋ ತಿಂಗಳು ವರ್ಷದ ಆರಂಭಕ್ಕೇ ಬರೆದು ಸುಬ್ರಹ್ಮಣ್ಯದ ಬಸ್ ನಿಲ್ದಾಣದಲ್ಲೂ ನೆಟ್ಟಣದ ರೈಲು ನಿಲ್ದಾಣದಲ್ಲೂ ಬೋರ್ಡು ಹಾಕಲಿ. ಬೆಳಕು ಹರಿಯುವ ಮುಂಚೆ, ಕತ್ತಲಾದ ಮೇಲೆ ಹುಲ್ಲುಗಾವಲಿಗೆ ಯಾರೂ ಬೇಡ, ಆ ಹೊತ್ತು ಕಡವೆಯದ್ದು. ಬೆಟ್ಟಕ್ಕೆ ಸುಬ್ರಹ್ಮಣ್ಯದಿಂದಲೂ ದಾರಿ ಇದೆ, ಸೋಮವಾರಪೇಟೆ ಕಡೆಯ ಬೀಡಳ್ಳಿಯಿಂದಲೂ ಇದೆ. ಜಿಲ್ಲೆ ಎರಡಾದರೂ ಶಿಖರ ಒಂದೇ, ಎರಡೂ ಕಡೆಯ ತಲೆ ಎಣಿಕೆ ಒಂದೇ ಲೆಕ್ಕದಲ್ಲಿ ಬರಲಿ. ದಿನದ ಮಿತಿಯಲ್ಲಿ ಒಂದು ಪಾಲನ್ನು, ಫೋನಿನಲ್ಲಿ ಬುಕಿಂಗ್ ಮಾಡಲು ತಿಳಿಯದೆ ಬಸ್ಸಲ್ಲಿ ಬಂದವರಿಗಾಗಿ ಕೌಂಟರಿನಲ್ಲಿ ಇಡಲಿ. ಬೆಂಗಳೂರಿನಲ್ಲಿ ಕೂತು ಬೆರಳು ಒತ್ತಿದವನಿಗೆ ಮಾತ್ರ ಬೆಟ್ಟ, ಬುಡದಲ್ಲಿ ಹುಟ್ಟಿದ ಹುಡುಗನಿಗೆ ಇಲ್ಲ ಅಂದ್ರೆ ಅದು ನ್ಯಾಯವಲ್ಲ.

ಊರವರಿಗೂ ಕರ್ತವ್ಯ ಇದೆ. ಕಳ್ಳದಾರಿ ತೋರಿಸಿ ನೂರಿನ್ನೂರು ಗಿಟ್ಟಿಸೋ ಚಪಲ ಬಿಡಬೇಕು. ಅಂಗಡಿಯಲ್ಲಿ ಮಾರಿದ ಬಿಸ್ಕತ್ತಿನ ಕಾಗದ ಗುಡ್ಡದ ತುದಿಯಲ್ಲಿ ಬಿದ್ದರೆ ಮಾರಿದವನ ಊರಿಗೂ ಅದು ಮರ್ಯಾದೆ ಅಲ್ಲ.

ಹಳ್ಳಿ ಮನೆಯ ಬಾಗಿಲಿಗೆ ‘ನಾಳೆ ಬಾ’ ಅಂತ ಬರೆದು ದೆವ್ವ ಓಡಿಸುತ್ತಿದ್ದ ಕಾಲವೊಂದಿತ್ತು. ಬೆಟ್ಟಕ್ಕೆ ಬರೋರು ದೆವ್ವಗಳಲ್ಲ, ರಾತ್ರಿಯಿಡೀ ಬಸ್ಸಲ್ಲಿ ನಿದ್ದೆಗೆಟ್ಟು ಬಂದ ಜನ. ಅವರಿಗೆ ‘ನಾಳೆ ಬಾ’ ಅಂತ ಹೇಳೋದು ತಪ್ಪಲ್ಲ. ಯಾವ ನಾಳೆ ಅಂತ ಹೇಳದಿರೋದು ತಪ್ಪು.