ಹನ್ನೆರಡು ಮಾರ್ಕಿನ ಕನ್ನಡ

ವಿಜಯನಗರ ಬಸ್ ನಿಲ್ದಾಣದಿಂದ ಕೂಗಳತೆಯಲ್ಲಿ ಒಂದು ಬೇಕರಿ. ಹೆಸರು ಬೇಡ. ಸಂಜೆ ಐದು ಗಂಟೆಯಾದರೆ ಅಲ್ಲಿ ಕಾಲಿಡಲು ಜಾಗ ಇರುವುದಿಲ್ಲ. ಡ್ಯೂಟಿ ಮುಗಿಸಿದ ಕಂಡಕ್ಟರುಗಳು, ಹಂಪಿನಗರದ ಲೈಬ್ರರಿಯಿಂದ ಟೀ ಕುಡಿಯಲು ಬರುವ ಕೆ.ಎ.ಎಸ್. ಆಕಾಂಕ್ಷಿಗಳು, ಕೆಂಗೇರಿ ಬಸ್ಸಿಗೆ ಕಾಯುವವರು, ನನ್ನಂಥ ಪುಕ್ಕಟೆ ಪೇಪರು ಓದುವವರು.

ಕೆಲವು ವರ್ಷಗಳ ಹಿಂದೆ ಒಂದು ಬೇಸಿಗೆ ಸಂಜೆ ಅಲ್ಲಿ ವ್ಯಾಕರಣದ ಜಗಳ ಆಯಿತು. ವ್ಯಾಕರಣ ಅಂದ ತಕ್ಷಣ ಪುಟ ತಿರುಗಿಸಬೇಡಿ ಸ್ವಾಮಿ. ಇದರಲ್ಲಿ ನಿಮ್ಮ ಅಂಗಡಿಯ ಬೋರ್ಡಿನ ವಿಚಾರವೂ ಇದೆ.

ಜಗಳಕ್ಕೆ ನಿಂತವರು ನಾಲ್ಕು ಜನ ಹುಡುಗರು. ಮೂವರು ಗಂಡು, ಒಬ್ಬಳು ಹೆಣ್ಣು. ಪಕ್ಕದಲ್ಲಿ ಚೀಲ ಹಿಡಿದುಕೊಂಡು ಅಪ್ಪಂದಿರು. ಹುಡುಗಿ ಕಾಸರಗೋಡಿನ ಕಡೆಯವಳು, ಒಬ್ಬ ಹುಡುಗ ಅಕ್ಕಲಕೋಟೆಯವನು. ಉಳಿದವರೂ ಗಡಿಯಾಚೆಯವರೇ. ಸಿ.ಇ.ಟಿ. ಬರೆಯಲು ಬಂದವರು. ಗಣಿತ, ಭೌತಶಾಸ್ತ್ರ ಎಲ್ಲಾ ಮುಗಿದಿತ್ತು. ಆ ದಿನ ಬರೆದದ್ದು ಕನ್ನಡ ಪರೀಕ್ಷೆ. ಉತ್ತರ ತಾಳೆ ನೋಡುತ್ತಿದ್ದರು.

ಸಿ.ಇ.ಟಿ.ಯಲ್ಲಿ ಕನ್ನಡ ಎಲ್ಲಿಂದ ಬಂತು ಅಂತೀರಾ? ನಮ್ಮ ನಿಮ್ಮ ಮಕ್ಕಳು ಬರೆಯುವುದಿಲ್ಲ, ಆದ್ದರಿಂದ ನಮಗೆ ಗೊತ್ತಿಲ್ಲ. ಹೊರನಾಡು ಮತ್ತು ಗಡಿನಾಡು ಕನ್ನಡಿಗರ ಮಕ್ಕಳಿಗೆ ಮಾತ್ರ ಇದು ಕಡ್ಡಾಯ. ಕಾಸರಗೋಡು, ಮಂಜೇಶ್ವರ, ಹೊಸದುರ್ಗ, ಆಚೆ ದಕ್ಷಿಣ ಸೊಲ್ಲಾಪುರ, ಅಕ್ಕಲಕೋಟೆ, ಜತ್ತ, ಗಡಹಿಂಗ್ಲಜ. ಈ ತಾಲ್ಲೂಕುಗಳ ಮಕ್ಕಳು ಕರ್ನಾಟಕದಲ್ಲಿ ಸೀಟು ಕೇಳಬೇಕಾದರೆ ಕನ್ನಡ ಬರುತ್ತದೆಂದು ತೋರಿಸಬೇಕು. ಒಟ್ಟು 50 ಅಂಕ. ಕನಿಷ್ಠ 12 ಬಂದರೆ ಪಾಸು. ಮಟ್ಟ ನಾಲ್ಕನೇ ತರಗತಿಯದು. ಈ ಅಂಕ ರ‍್ಯಾಂಕಿಗೆ ಸೇರುವುದಿಲ್ಲ. ಆದರೆ 12 ಬರದಿದ್ದರೆ ಈ ಕೋಟಾದ ಬಾಗಿಲು ಮುಚ್ಚಿತು. ಆಗೆಲ್ಲಾ ಪರೀಕ್ಷೆ ಬೆಂಗಳೂರಿನಲ್ಲಿ ಮಾತ್ರ. ಈಚೆಗೆ ಬೇರೆ ಊರುಗಳಲ್ಲೂ ಕೇಂದ್ರ ಮಾಡಿದ್ದಾರೆ, ಒಳ್ಳೆಯದಾಯಿತು. ರಾತ್ರಿ ಬಸ್ಸಿನಲ್ಲಿ ಕೂತು ಬಂದು ನಾಲ್ಕನೇ ಕ್ಲಾಸಿನ ಪರೀಕ್ಷೆ ಬರೆದು ಮತ್ತೆ ರಾತ್ರಿ ಬಸ್ಸು ಹತ್ತುವ ಕಷ್ಟ ಕೆಲವರಿಗಾದರೂ ತಪ್ಪಿತು.

ಜಗಳಕ್ಕೆ ಬರೋಣ. ಪರೀಕ್ಷೆಯ ಉತ್ತರಗಳು ಮುಗಿದ ಮೇಲೂ ಹುಡುಗರು ಬಿಡಲಿಲ್ಲ. ಚೀಲದಿಂದ ಒಂದು ಮಾದರಿ ಪ್ರಶ್ನೆಗಳ ಪುಸ್ತಕ ಹೊರಬಂತು. ಸೂರ್ಯ ಮುಳುಗಿದನೋ, ಮುಳುಗಿತೋ?

"ಮುಳುಗಿತು ಅಂದ್ರ ತಪ್ಪೇನ್ರೀ? ನಮ್ಮ ಊರಾಗ ಹೊತ್ತು ಮುಳುಗಿತು ಅಂತೀವಿ" ಅಂದ ಅಕ್ಕಲಕೋಟೆ ಹುಡುಗ.

"ಅದು ಹೊತ್ತು ಮಾರಾಯ, ಇದು ಸೂರ್ಯ. ಸೂರ್ಯ ದೇವರಲ್ವಾ? ಮುಳುಗಿದನು ಅಂತಲೇ ಬರೀಬೇಕು" ಅಂದಳು ಹುಡುಗಿ.

ಅಷ್ಟು ಸಾಕಾಯಿತು. ಇಡೀ ಬೇಕರಿ ಎರಡು ಪಾರ್ಟಿಯಾಯಿತು. ಕಂಡಕ್ಟರು ಹುಡುಗಿಯ ಕಡೆ. ಮಾಲೀಕರು ಗಲ್ಲಾ ಬಿಟ್ಟು ಎದ್ದು ಬಂದು ಹುಡುಗನ ಕಡೆ. ಕೆ.ಎ.ಎಸ್. ಓದುವವನೊಬ್ಬ ದಪ್ಪ ಪುಸ್ತಕ ತಿರುವಿ ಹಾಕಿದ, ಅದರಲ್ಲಿ ಸಂವಿಧಾನ ಇತ್ತು, ಸೂರ್ಯ ಇರಲಿಲ್ಲ. ಹುಟ್ಟಿದಾಗಿನಿಂದ ಕನ್ನಡ ಮಾತಾಡುವ ಹತ್ತು ಹನ್ನೆರಡು ಮಂದಿ ಅಲ್ಲಿದ್ದೆವು. ಖಾತ್ರಿಯಾಗಿ ಹೇಳಬಲ್ಲವರು ಒಬ್ಬರೂ ಇಲ್ಲ!

ಕೊನೆಗೆ ತೀರ್ಪು ಕೊಟ್ಟವರು ಕೆಂಗೇರಿ ಬಸ್ಸಿಗೆ ಕಾಯುತ್ತಿದ್ದ ಒಬ್ಬ ನಿವೃತ್ತ ಮೇಷ್ಟ್ರು. "ಎರಡೂ ಸರಿ ಕಣ್ರಪ್ಪಾ. ಸೂರ್ಯ, ಚಂದ್ರ, ಶನಿ ಇವೆಲ್ಲಾ ಎರಡೂ ಕಡೆ ನಡೆಯೋ ಪದಗಳು. ಶನಿ ಕಾಡ್ತಾನೆ ಅಂತಲೂ ಅನ್ನಬಹುದು, ಶನಿ ಕಾಡ್ತದೆ ಅಂತಲೂ ಅನ್ನಬಹುದು. ಪುನ್ನಪುಂಸಕ ಲಿಂಗ ಅಂತ ಇದಕ್ಕೆ ಹೆಸರು. ಹದಿಮೂರನೇ ಶತಮಾನದಲ್ಲೇ ಕೇಶಿರಾಜ ಶಬ್ದಮಣಿದರ್ಪಣದಲ್ಲಿ ಒಂಬತ್ತು ಲಿಂಗ ಲೆಕ್ಕ ಹಾಕಿದ್ದಾನೆ, ನೀವು ಮೂರಕ್ಕೇ ಸುಸ್ತಾದ್ರಾ?" ಅಂದರು. ಹುಡುಗರು ನಕ್ಕರು. ಇಬ್ಬರೂ ಗೆದ್ದಂತಾಯಿತು.

ಹುಡುಗಿಗೆ ಅಷ್ಟಕ್ಕೇ ಸಮಾಧಾನ ಇಲ್ಲ. ಗೋಡೆ ಕಡೆ ಕೈ ತೋರಿಸಿ, "ಹಾಗಾದರೆ ಅದು ಸರಿ ಉಂಟಾ?" ಅಂತ ಕೇಳಿದಳು. ಬೋರ್ಡಿನಲ್ಲಿ ದೊಡ್ಡದಾಗಿ ಬರೆದಿತ್ತು: 'ಇಲ್ಲಿ ಎಲ್ಲಾ ಬಗೆಯ ತಿಂಡಿಗಳು ದೊರೆಯುತ್ತದೆ.'

ತಿಂಡಿಗಳು ದೊರೆಯುತ್ತದೆ! ಮೇಷ್ಟ್ರು ಕೂಡ ಇದಕ್ಕೆ ಎರಡೂ ಸರಿ ಅನ್ನಲಿಲ್ಲ. ಮಾಲೀಕರು ತಲೆ ಕೆರೆದುಕೊಂಡು, "ಹದಿನೈದು ವರ್ಷದಿಂದ ಹಾಗೇ ಇದೆಯಮ್ಮಾ, ಒಬ್ಬ ಗಿರಾಕೀನೂ ಹೇಳಲಿಲ್ಲ" ಅಂದರು. ಆ ಗಿರಾಕಿಗಳಲ್ಲಿ ನಾನೂ ಒಬ್ಬ. ಬನ್ನು ತಿನ್ನುತ್ತಾ ದಿನಾ ಅದೇ ಬೋರ್ಡು ನೋಡುತ್ತಿದ್ದೆ. ಪೇಪರಿಗೆ ಬರೆಯುವವನು ಬೇರೆ!

ಈ ಮಕ್ಕಳನ್ನು ಕಂಡರೆ 'ಹೊರಗಿನವರಿಗೆ ನಮ್ಮ ಸೀಟು ಯಾಕೆ' ಎನ್ನುವವರು ನಮ್ಮಲ್ಲಿ ಇದ್ದಾರೆ. ಹೊರಗಿನವರು ಯಾರು ಸ್ವಾಮಿ? 1956ರ ನವೆಂಬರ್ 1ರಂದು ರಾಜ್ಯಗಳ ಗೆರೆ ಎಳೆದಾಗ ಕಾಸರಗೋಡು ಕೇರಳಕ್ಕೆ ಹೋಯಿತು. ಆ ಹುಡುಗಿಯ ಅಜ್ಜ ಎಲ್ಲಿಗೂ ಹೋಗಲಿಲ್ಲ, ಇದ್ದ ಮನೆಯಲ್ಲೇ ಇದ್ದ. ಹೋದದ್ದು ಗೆರೆ. ಗೋವಿಂದ ಪೈಗಳ ಮಂಜೇಶ್ವರ, ಕಯ್ಯಾರ ಕಿಞ್ಞಣ್ಣ ರೈಗಳ ಬದಿಯಡ್ಕ ನಮಗೆ ಹೊರಗಿನ ಊರಾದರೆ ಒಳಗಿನ ಊರು ಯಾವುದು? ನವೆಂಬರ್ ಬಂದರೆ ಬಾವುಟ ಕಟ್ಟಿ ಅವರ ಹೆಸರು ಕೂಗುತ್ತೇವೆ. ಏಪ್ರಿಲ್ ಬಂದರೆ ಅವರ ಊರಿನ ಮಕ್ಕಳಿಗೆ ಕನ್ನಡ ಬರುತ್ತದೆಯೇ ಅಂತ ಪರೀಕ್ಷೆ ಇಡುತ್ತೇವೆ.

ಹಾಗಂತ ಪರೀಕ್ಷೆ ತೆಗೆದುಹಾಕಿ ಎಂದು ನಾನು ಹೇಳುವುದಿಲ್ಲ. ಮನೆಮಾತು ಕನ್ನಡ ಅಂತ ಒಂದು ಕಾಗದ ತರುವುದು ಯಾರಿಗೂ ಕಷ್ಟವಲ್ಲ. ಕಾಗದದ ಕನ್ನಡಿಗರು ಸೀಟು ಹೊಡೆದರೆ ನಷ್ಟ ಆಗುವುದು ಕಾಸರಗೋಡಿನ ಕನ್ನಡ ಮೀಡಿಯಂ ಹುಡುಗಿಗೇ. ಪರೀಕ್ಷೆ ಇರಲಿ. 12 ಅಂಕದ ಗೆರೆಯೂ ಇರಲಿ. ಆದರೆ ಗೆರೆ ಒಂದೇ ಕಡೆಗೆ ಇರಬಾರದು.

2024ರ ಸಿ.ಇ.ಟಿ. ನೆನಪಿದೆಯಾ? ಪಠ್ಯದಲ್ಲಿ ಇಲ್ಲದ ಪ್ರಶ್ನೆಗಳು ಬಂದವೆಂದು ಮಕ್ಕಳು, ತಂದೆತಾಯಿ ಗಲಾಟೆ ಮಾಡಿದರು. ಭೌತಶಾಸ್ತ್ರ, ರಸಾಯನಶಾಸ್ತ್ರ, ಗಣಿತ, ಜೀವಶಾಸ್ತ್ರ ಸೇರಿ 50 ಪ್ರಶ್ನೆಗಳನ್ನು ಮೌಲ್ಯಮಾಪನದಿಂದ ಕೈಬಿಟ್ಟರು. ಗಲಾಟೆ ಮಾಡಲು ಲಕ್ಷಗಟ್ಟಲೆ ಮಕ್ಕಳು ಇದ್ದರು, ಕೇಳಿಸಿತು. ಗಡಿನಾಡಿನ ಕೆಲವೇ ಮಕ್ಕಳ ವ್ಯಾಕರಣದ ಜಗಳ ಬೇಕರಿಯಾಚೆ ಯಾರಿಗೆ ಕೇಳಿಸುತ್ತದೆ? ಒಂದೊಂದು ಊರಿನ ಕನ್ನಡ ಒಂದೊಂದು ಥರ. ಎರಡು ಉತ್ತರ ಸರಿಯಾಗುವ ಪ್ರಶ್ನೆ ಭೌತಶಾಸ್ತ್ರಕ್ಕಿಂತ ಭಾಷೆಯಲ್ಲೇ ಜಾಸ್ತಿ. ಆದ್ದರಿಂದ ಕನ್ನಡದ ಪ್ರತಿ ಉತ್ತರಕ್ಕೂ ಯಾಕೆ ಸರಿ, ಯಾಕೆ ತಪ್ಪು ಎಂದು ಒಂದೊಂದು ಸಾಲಿನ ಕಾರಣ ಅಚ್ಚು ಮಾಡಿ ಕೊಡಲಿ. ನಾಲ್ಕನೇ ತರಗತಿಯ ಮಟ್ಟಕ್ಕೆ ಅದೇನು ದೊಡ್ಡ ಖರ್ಚಲ್ಲ.

ಎರಡನೆಯದು. ತಪ್ಪು ಬರೆದರೆ ಹುಡುಗರು ಫೇಲು. ತಪ್ಪು ಬರೆದ ದೊಡ್ಡವರು? 2024ರ ಆಗಸ್ಟ್ 27ರಂದು ಕೆ.ಪಿ.ಎಸ್‌.ಸಿ. 384 ಗೆಜೆಟೆಡ್ ಪ್ರೊಬೇಷನರಿ ಹುದ್ದೆಗಳಿಗೆ ಪೂರ್ವಭಾವಿ ಪರೀಕ್ಷೆ ನಡೆಸಿತು. ಇಂಗ್ಲಿಷಿನಿಂದ ಮಾಡಿದ ಕನ್ನಡ ಅನುವಾದ ಅರ್ಥವೇ ಆಗುತ್ತಿರಲಿಲ್ಲ ಎಂದು ಅಭ್ಯರ್ಥಿಗಳು ಬೀದಿಗಿಳಿದರು. ಸರ್ಕಾರ ಮರುಪರೀಕ್ಷೆಗೆ ಹೇಳಿತು. ಡಿಸೆಂಬರ್ 29ರಂದು ಮರುಪರೀಕ್ಷೆ ಆಯಿತು. ಅದರಲ್ಲೂ ಅನುವಾದ ತಪ್ಪೆಂದು ಮತ್ತೆ ದೂರು! ಲೈಬ್ರರಿಯಲ್ಲಿ ಕೂತು ವರ್ಷಗಟ್ಟಲೆ ಓದಿದ ಕನ್ನಡ ಮೀಡಿಯಂ ಹುಡುಗರಿಗೆ ಆ ಹೊತ್ತು ಯಾರು ಲೆಕ್ಕ ಕೊಡುತ್ತಾರೆ? ಪ್ರಶ್ನೆ ಬರೆಯುವವರಿಗೆ ಮೊದಲು ಆ ಐವತ್ತು ಅಂಕದ ಕನ್ನಡ ಪರೀಕ್ಷೆ ಇಟ್ಟರೆ ಹೇಗೆ? ಹನ್ನೆರಡು ಬಂದವರು ಮಾತ್ರ ಪೆನ್ನು ಹಿಡಿಯಲಿ.

ಮೂರನೆಯದು ನಮ್ಮ ಬೋರ್ಡು. ಶೇಕಡ 60 ಭಾಗ ಕನ್ನಡ ಇರಬೇಕು ಎಂದು 2024ರಲ್ಲಿ ಕಾನೂನು ಬಂತು. ಕಾರ್ಪೊರೇಷನ್ ನೋಟೀಸು ಕೊಟ್ಟಿತು, ಅಂಗಡಿಯವರು ಓಡಾಡಿ ಬೋರ್ಡು ಬದಲಾಯಿಸಿದರು. ಸರಿ. ಆದರೆ ರಾಜಾಜಿನಗರದಿಂದ ಬಸವೇಶ್ವರನಗರಕ್ಕೆ ಬಸ್ಸಿನ ಕಿಟಕಿ ಪಕ್ಕ ಕೂತು ಒಮ್ಮೆ ಓದುತ್ತಾ ಹೋಗಿ. 'ಶುಭ' ಎಂಬಲ್ಲಿ 'ಶುಬ', 'ಹಣ್ಣು' ಎಂಬಲ್ಲಿ 'ಅಣ್ಣು'. ಅರವತ್ತು ಪರ್ಸೆಂಟು ಜಾಗ ಕನ್ನಡಕ್ಕೆ ಸಿಕ್ಕಿತು, ಒಳಗಿನ ಕನ್ನಡಕ್ಕೆ ಹನ್ನೆರಡು ಮಾರ್ಕು ಬರುವುದೂ ಅನುಮಾನ. ಅಂಗಡಿಯವರ ಮೇಲೆ ನನಗೆ ಕೋಪ ಇಲ್ಲ. ಬರೆಯುವವನು ಯಾರೋ, ದುಡ್ಡು ಕೊಡುವವರು ಯಾರೋ. ಪೇಂಟ್ ಮಾಡಿಸುವ ಮೊದಲು ಪಕ್ಕದ ಶಾಲೆಯ ಕನ್ನಡ ಮೇಷ್ಟ್ರಿಗೆ ಒಂದು ಸಲ ತೋರಿಸಿ. ಒಂದು ಟೀ ಖರ್ಚು, ಅಷ್ಟೇ.

ಆ ಸಂಜೆ ಹುಡುಗರು ರಾತ್ರಿ ಬಸ್ಸಿಗೆಂದು ಮೆಜೆಸ್ಟಿಕ್ಕಿಗೆ ಹೊರಟರು. ಟೀ ದುಡ್ಡು ಮಾಲೀಕರು ತೆಗೆದುಕೊಳ್ಳಲಿಲ್ಲ. ವಾರ ಬಿಟ್ಟು ಹೋದಾಗ ನೋಡುತ್ತೇನೆ, ಬೋರ್ಡಿನ 'ದೆ' ಮೇಲೆ ಹಳದಿ ಸ್ಟಿಕ್ಕರ್ ಅಂಟಿಸಿ 'ವೆ' ಎಂದು ಬರೆಸಿದ್ದರು. ತಿಂಡಿಗಳು ದೊರೆಯುತ್ತವೆ. ಹದಿನೈದು ವರ್ಷದ ತಪ್ಪು, ಒಂದಕ್ಷರದ ಕೆಲಸ. ಅದನ್ನು ಕಾಣಲು ಕಾಸರಗೋಡಿನಿಂದ ಒಬ್ಬ ಹುಡುಗಿ ಬರಬೇಕಾಯಿತು.

ಇಂಥ ಲೇಖನದ ಕೊನೆಗೆ 'ಸಂಬಂಧಪಟ್ಟವರು ಇತ್ತ ಗಮನ ಹರಿಸುವರೇ?' ಎಂದು ಬರೆಯುವುದು ವಾಡಿಕೆ. ಬರೆದಿದ್ದೇನೆ. ಆದರೆ ಈ ಸಲ ಸಂಬಂಧಪಟ್ಟವರ ಪಟ್ಟಿಯಲ್ಲಿ ಅಧಿಕಾರಿಗಳ ಜತೆ ನೀವೂ ಇದ್ದೀರಿ, ನಾನೂ ಇದ್ದೇನೆ.